ಮೊಸರನ್ನಕ್ಕೊಂದು ಎಂಎಪಿ

ರೆಸಾರ್ಟಿಗೆ ಫೋನ್ ಮಾಡಿದರೆ ಆ ಕಡೆಯವರು ಮೊದಲು ತಾರೀಖು ಕೇಳುತ್ತಾರೆ, ಆಮೇಲೆ ಎಷ್ಟು ಜನ ಅಂತ ಕೇಳುತ್ತಾರೆ. ಇಲ್ಲಿಯವರೆಗೆ ಎಲ್ಲ ಸಲೀಸು. ಮೂರನೇ ಪ್ರಶ್ನೆ ಬಂದಾಗ ನಮ್ಮಂಥವರು ಫೋನಿಗೆ ಕೈ ಅಡ್ಡ ಇಟ್ಟು ಮನೆಯವರ ಮುಖ ನೋಡುತ್ತೇವೆ. "ಯಾವ ಪ್ಲಾನ್ ಮೇಡಂ? ಸಿಪಿನಾ, ಎಂಎಪಿನಾ, ಎಪಿನಾ?"

ವಿಷಯ ಅಂಥದ್ದೇನಲ್ಲ. ಇಪಿ ಅಂದರೆ ಬರೀ ರೂಮು, ಊಟ ನಿಮ್ಮ ಹಣೆಬರಹ. ಸಿಪಿ ಅಂದರೆ ರೂಮಿನ ಜೊತೆ ಬೆಳಗಿನ ತಿಂಡಿ. ಎಂಎಪಿ ಅಂದರೆ ತಿಂಡಿಯ ಜೊತೆ ಇನ್ನೊಂದು ಹೊತ್ತಿನ ಊಟ, ಹೆಚ್ಚಾಗಿ ರಾತ್ರಿಯದು. ಎಪಿ ಅಂದರೆ ಮೂರೂ ಹೊತ್ತು. ಇದರಲ್ಲಿ ಬರುವ 'ಎ' ಅಮೆರಿಕದ್ದು. ಹಿಂದೆ ಅಲ್ಲಿನ ಹೋಟೆಲುಗಳು ರೂಮು, ಊಟ ಎರಡೂ ಸೇರಿಸಿ ಒಂದೇ ರೇಟು ಹೇಳುತ್ತಿದ್ದವಂತೆ. ಈಗ ಆ ಪದ್ಧತಿ ಮಡಿಕೇರಿಯ ಕಾಫಿ ತೋಟದೊಳಗೆ ಬಂದು ಸುಖವಾಗಿ ಕೂತಿದೆ.

ದೊಡ್ಡವರಿಬ್ಬರೇ ಹೋಗುವುದಾದರೆ ಇದೊಂದು ಪ್ರಶ್ನೆಯೇ ಅಲ್ಲ. ಆದರೆ ನಮ್ಮ ಜೊತೆ ಪುಟ್ಟಿ ಬರುತ್ತಾಳೆ.

ಪುಟ್ಟಿಗೆ ಐದು ತುಂಬಿದೆ. ಅವಳು ಬಿಳಿ ಪದಾರ್ಥ ಮಾತ್ರ ತಿನ್ನುತ್ತಾಳೆ. ಕೇಳಿದವರು "ಅಯ್ಯೋ, ಮಕ್ಕಳೆಲ್ಲ ಹಾಗೇ ಅಲ್ವಾ" ಅಂತ ನಗುತ್ತಾರೆ. ನಗಲಿ, ಅವರು ನಮ್ಮನೆಯಲ್ಲಿ ಊಟಕ್ಕೆ ಕೂತವರಲ್ಲ. ಮೊಸರನ್ನ ಆಗುತ್ತದೆ, ಒಗ್ಗರಣೆ ಇರಬಾರದು. ಇಡ್ಲಿ ಆಗುತ್ತದೆ, ಅದರ ಮೇಲೆ ಬಟ್ಟೆಯ ಗುರುತು ಇರಬಾರದು. ದೋಸೆ ಆಗುತ್ತದೆ, ಕೆಂಪಗೆ ಬೆಂದಿರಬಾರದು. ಅನ್ನಕ್ಕೆ ತುಪ್ಪ ಹಾಕಬಹುದು, ಆದರೆ ತುಪ್ಪ ಕಾಣಬಾರದು. ಏಲಕ್ಕಿ ಬಾಳೆ ಆಗುತ್ತದೆ, ಪಚ್ಚಬಾಳೆ ಆಗದು. ಏಲಕ್ಕಿ ಬಾಳೆಯ ಮೇಲೂ ಕಪ್ಪು ಚುಕ್ಕೆ ಕಂಡರೆ ಅದು 'ಗಾಯ ಆಗಿರೋ ಹಣ್ಣು'. ಪಾರ್ಲೆ-ಜಿ ಬಿಳಿ ಅಲ್ಲ, ಮ್ಯಾಗಿಯೂ ಅಲ್ಲ. ಆದರೆ ಅವೆರಡಕ್ಕೆ ರಿಯಾಯಿತಿ ಉಂಟು. ಕಾನೂನು ಮಾಡಿದವಳು ಅವಳು, ತಿದ್ದುಪಡಿಯೂ ಅವಳದೇ.

ಇದರ ಮೇಲೆ ಮಡಿ-ಮೈಲಿಗೆಯ ನಿಯಮ ಬೇರೆ. ತಟ್ಟೆಯಲ್ಲಿ ಒಂದಕ್ಕೊಂದು ತಾಗಬಾರದು. ಹುರುಳಿಕಾಯಿ ಪಲ್ಯದ ಒಂದೇ ಒಂದು ಚೂರು ಅನ್ನದ ಅಂಚಿಗೆ ತಾಗಿದರೆ ಇಡೀ ಅನ್ನ ಹಸಿರಾಗಿಬಿಡುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ.

ಮಕ್ಕಳ ಡಾಕ್ಟರ ಹತ್ತಿರ ಹೇಳಿಕೊಂಡದ್ದಾಯಿತು. ಅವರು ತೂಕ ನೋಡಿದರು, ಎತ್ತರ ನೋಡಿದರು, ಏನೂ ತೊಂದರೆ ಇಲ್ಲ ಅಂದರು. ಸುಮಾರು 2ರಿಂದ 6 ವರ್ಷದ ತನಕ ಹೊಸ ತಿನಿಸು ಕಂಡರೆ ಹಿಂಜರಿಯುವುದು ಸಹಜವಂತೆ. ಒಂದೇ ಪದಾರ್ಥವನ್ನು 8ರಿಂದ 15 ಸಲ ಸುಮ್ನೆ ಮುಂದೆ ಇಡುತ್ತಿರಬೇಕಂತೆ, ಬಲವಂತ ಮಾಡಬಾರದಂತೆ. ಹದಿನೈದು ಸಲ ಬೇಯಿಸಿ, ಹದಿನೈದು ಸಲ ನಾನೇ ತಿಂದು ಮುಗಿಸಬೇಕು ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ.

ಅತ್ತೆಯವರದು ಬೇರೆಯೇ ಮದ್ದು. "ಹಸಿವೆಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ. ಎರಡು ಹೊತ್ತು ಹಾಗೇ ಬಿಟ್ಟು ನೋಡಮ್ಮಾ, ಹಾಗಲಕಾಯಿನೂ ತಿಂತಾಳೆ." ಹೀಗೆ ಹೇಳಿದ ಅರ್ಧ ಗಂಟೆಗೆ ಅಡುಗೆಮನೆಯಲ್ಲಿ ಚಮಚದ ಸದ್ದು ಕೇಳುತ್ತದೆ. ಹೋಗಿ ನೋಡಿದರೆ ಅತ್ತೆಯೇ ಲೋಟದಲ್ಲಿ ಹಾರ್ಲಿಕ್ಸ್ ಕಲಸುತ್ತಿರುತ್ತಾರೆ. "ಪಾಪ, ಮುಖ ಬಾಡಿತ್ತು."

ಇಂಥ ಮಗುವಿನ ಊಟಕ್ಕೆ ಮುಂಗಡ ದುಡ್ಡು ಕಟ್ಟಬೇಕೋ ಬೇಡವೋ? ಕೊಡಗಿಗೆ ಹೊರಡುವ ಮೊದಲು ನಮ್ಮನೆಯಲ್ಲಿ ನಡೆದ ಚರ್ಚೆ ಇಷ್ಟೇ. ಆದರೆ ಅದು ಮುಗಿಯುವಷ್ಟರಲ್ಲಿ ಅರ್ಧ ರೂಮು ಬುಕ್ ಆಗಿಹೋಗಿದ್ದವು.

ನಮ್ಮನೆಯವರು ಎಂಎಪಿ ಪಕ್ಷ. ಅವರಿಗೆ ಬುಫೆ ಅಂದರೆ ತುಂಬಾ ಗೌರವ. ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದರು. ಸಿಪಿಗಿಂತ ಎಂಎಪಿಗೆ ದೊಡ್ಡವರಿಗೆ ತಲೆಗೆ 950 ರೂಪಾಯಿ ಜಾಸ್ತಿ, 5ರಿಂದ 12ರ ತನಕದ ಮಕ್ಕಳಿಗೆ 600 ಜಾಸ್ತಿ, 5ರ ಒಳಗಿನವರಿಗೆ ಉಚಿತ. ಇಲ್ಲೇ ಇವರಿಗೆ ಮೊದಲ ಏಟು ಬಿತ್ತು. "ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಆರು ವರ್ಷದ ತನಕ ಟಿಕೆಟ್ಟೇ ಇಲ್ಲ. ಆರು ಚಕ್ರದ ಬಸ್ಸಿಗಿರುವ ಕರುಣೆ ಇವರಿಗಿಲ್ವಲ್ಲ" ಅಂತ ಬೇಜಾರು ಮಾಡಿಕೊಂಡರು. ಪುಟ್ಟಿಯ ಹುಟ್ಟಿದ ದಿನಕ್ಕೆ ಮುಂಚೆಯೇ ಹೋಗಿಬರಬೇಕಿತ್ತು ಅಂತ ಇನ್ನೂ ಹೇಳುತ್ತಿರುತ್ತಾರೆ.

"ರೀ, ದೊಡ್ಡವರಿಗೆ ಎಂಎಪಿ, ಮಗುವಿಗೆ ಸಿಪಿ ಅಂತ ಕೇಳಿ ನೋಡಿ" ಅಂದೆ.

ಕೇಳಿದರು. ಒಂದು ರೂಮಿಗೆ ಒಂದೇ ಪ್ಲಾನ್ ಅಂದರು. ಎಲ್ಲ ಕಡೆಯೂ ಬಹುಮಟ್ಟಿಗೆ ಇದೇ ನಿಯಮ. ಹಾಗಿಲ್ಲದಿದ್ದರೆ ಒಬ್ಬರು ಪ್ಲಾನ್ ತೆಗೆದುಕೊಂಡು ಮನೆಮಂದಿಗೆಲ್ಲ ಒಂದೇ ತಟ್ಟೆಯಲ್ಲಿ ಬಡಿಸಿಕೊಳ್ಳುತ್ತಾರೆ ಅನ್ನುವ ಭಯ. ಆ ಭಯದಲ್ಲಿ ಹುರುಳಿಲ್ಲದಿಲ್ಲ. ನಮ್ಮನೆಯವರ ಮುಖದಲ್ಲಿ ಅದೇ ಯೋಜನೆ ಓಡುತ್ತಿತ್ತು.

ಆಮೇಲೆ ವಿಜ್ಞಾನ ಬಂತು. ಇವರು ಎಲ್ಲಿಂದಲೋ ಒಂದು ಹಳೇ ಪ್ರಯೋಗ ಹುಡುಕಿ ತಂದರು. ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಅನ್ನುವ ಮಕ್ಕಳ ಡಾಕ್ಟರ್ ಇದ್ದರು. 1920ರ ದಶಕದಲ್ಲಿ ಶುರುಮಾಡಿ, ಆಗಷ್ಟೇ ಎದೆಹಾಲು ಬಿಟ್ಟ ಕೂಸುಗಳಿಗೆ ತಮ್ಮ ಊಟ ತಾವೇ ಆರಿಸಿಕೊಳ್ಳಲು ಬಿಟ್ಟರು. ಒಟ್ಟು 15 ಮಕ್ಕಳು, ಪಟ್ಟಿಯಲ್ಲಿ 34 ಪದಾರ್ಥ. ನರ್ಸು ಚಮಚ ಹಿಡಿದು ಸುಮ್ಮನೆ ಕೂತಿರಬೇಕು. ಮಗು ಯಾವುದಕ್ಕೆ ಕೈ ಚಾಚುತ್ತದೋ ಅದನ್ನು ಮಾತ್ರ ಬಾಯಿಗಿಡಬೇಕು. ತಿನ್ನು ಅನ್ನುವ ಹಾಗಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಬೆಳೆದವು. ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಇದ್ದ ಒಂದು ಮಗು, ಅದಕ್ಕೆ ಮದ್ದಾದ ಕಾಡ್ ಲಿವರ್ ಎಣ್ಣೆಯನ್ನು, ಅಂದರೆ ಮೀನೆಣ್ಣೆಯನ್ನು, ತಾನಾಗಿಯೇ ಕುಡಿಯಿತು, ಕಾಯಿಲೆ ವಾಸಿಯಾದ ಮೇಲೆ ತಾನಾಗಿಯೇ ಬಿಟ್ಟಿತು.

"ನೋಡಿದ್ಯಾ?" ಅಂದರು ಇವರು. "ಬುಫೆ ಅಂದ್ರೆ ಇದೇ. ಮಗುವಿಗೆ ಆಯ್ಕೆ ಕೊಡಬೇಕು. ನೂರು ಐಟಂ ಇಟ್ರೆ ಐದಾದ್ರೂ ತಿಂತಾಳೆ."

ನಾನೂ ಓದಿದೆ. ಇವರು ಅರ್ಧಕ್ಕೇ ನಿಲ್ಲಿಸಿದ್ದರು. ಆ 34ರಲ್ಲಿ ಹಾಲು, ಬಾಳೆಹಣ್ಣು, ಓಟ್ಸ್, ಮೊಟ್ಟೆ, ಕ್ಯಾರೆಟ್ಟು, ಲಿವರ್ರು, ಮಿದುಳು ಎಲ್ಲ ಇತ್ತು. ಸಕ್ಕರೆ ಇರಲಿಲ್ಲ. ಏನು ಆರಿಸಿದರೂ ಒಳ್ಳೆಯದೇ ಆಗುವಂತೆ ಡಾಕ್ಟರಮ್ಮ ಮೊದಲೇ ಪಟ್ಟಿ ಮಾಡಿದ್ದರು. ಗುಟ್ಟು ಇರುವುದು ಆ ಪಟ್ಟಿಯಲ್ಲೇ ಅಂತ 1939ರ ವರದಿಯಲ್ಲಿ ಅವರೇ ಬರೆದಿದ್ದಾರೆ. ನಮ್ಮ ರೆಸಾರ್ಟಿನ ಬುಫೆಯಲ್ಲಿ ಎರಡು ಬಗೆ ಕೇಕು, ಜಾಮೂನು, ಐಸ್‌ಕ್ರೀಮು, ಪಕ್ಕದಲ್ಲೇ ಹಪ್ಪಳದ ಬುಟ್ಟಿ. ಇಲ್ಲಿ ಪುಟ್ಟಿಯನ್ನು ಬಿಟ್ಟು ನರ್ಸಿನ ಹಾಗೆ ಬಾಯಿ ಮುಚ್ಚಿಕೊಂಡು ಕೂತರೆ ಏನಾಗುತ್ತದೆ ಅಂತ ಹೇಳಲು ವಿಜ್ಞಾನಿ ಬೇಕಾಗಿಲ್ಲ.

ಕೊನೆಗೆ ನಾನೇ ರೆಸಾರ್ಟಿಗೆ ಫೋನ್ ಹಚ್ಚಿದೆ. ಎತ್ತಿದ ಹುಡುಗ ಬಹಳ ವಿನಯವಂತ.

"ರಾತ್ರಿ ಊಟಕ್ಕೆ ಮೊಸರನ್ನ ಇರುತ್ತಾ?"

"ಖಂಡಿತ ಮೇಡಂ. ನಮ್ಮದು ಮಲ್ಟಿ ಕ್ವಿಸೀನ್."

"ಅದಕ್ಕೆ ಒಗ್ಗರಣೆ ಹಾಕಿರ್ತೀರಾ?"

"ಹಾಕ್ದೇ ಇರ್ತೀವಾ ಮೇಡಂ! ಚೆನ್ನಾಗಿ ಹಾಕಿರ್ತೀವಿ."

"ಒಗ್ಗರಣೆ ಹಾಕದೇ ಇರೋದು ಸಿಗುತ್ತಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಶೆಫ್ ಹತ್ರ ಮಾತಾಡಿ ಹೇಳ್ತೀನಿ ಮೇಡಂ."

"ಊಟ ಎಷ್ಟು ಹೊತ್ತಿಗೆ ಶುರು?"

"ಎಂಟರಿಂದ ಹತ್ತೂವರೆ."

ನನಗೆ ಅಲ್ಲೇ ಉತ್ತರ ಸಿಕ್ಕಿತ್ತು. ಪುಟ್ಟಿಗೆ ಹಸಿವಾಗುವುದು ಆರೂಮುಕ್ಕಾಲಿಗೆ. ಏಳಕ್ಕೆ ಅಳು, ಏಳೂವರೆಗೆ ಕುರುಕಲು, ಎಂಟೂವರೆಗೆ ನಿದ್ದೆ. ಪ್ಲಾನು ಮಾರುವವರು ಊಟ ಮಾರುತ್ತಾರೆ ಅಂದುಕೊಳ್ಳುತ್ತೇವೆ, ನಿಜವಾಗಿ ಅವರು ಮಾರುವುದು ಒಂದು ಹೊತ್ತನ್ನು. ಆ ಹೊತ್ತಿಗೆ ನಮ್ಮ ಮಗು ಎಚ್ಚರ ಇರಬೇಕಲ್ಲ.

ಆದರೂ ಎಂಎಪಿಯೇ ತೆಗೆದುಕೊಂಡೆವು. ಕಾರಣ ರಸ್ತೆ. ರೆಸಾರ್ಟು ಮಡಿಕೇರಿಯಿಂದ ಒಂದಿಷ್ಟು ದೂರ, ಎಸ್ಟೇಟಿನ ಒಳಗೆ. ಕೊನೆಯ ತುಂಡು ದಾರಿ ಹಗಲು ಹೊತ್ತಲ್ಲೇ ಕಾರಿನ ಹೊಟ್ಟೆ ಸವರುತ್ತದೆ. ಕತ್ತಲಾದ ಮೇಲೆ ಮಂಜು ಇಳಿದರೆ ಒಂದು ಇಡ್ಲಿಗೋಸ್ಕರ ಅಲ್ಲಿಂದ ಊರಿಗೆ ಓಡಾಡುವುದು ಆಗದ ಮಾತು. ಸುತ್ತಮುತ್ತ ಒಂದು ಗೂಡಂಗಡಿಯೂ ಇಲ್ಲ. ಇಂಥ ಜಾಗದಲ್ಲಿ ಪ್ಲಾನ್ ಬೇಡ ಅಂದರೆ ರೂಮ್ ಸರ್ವಿಸ್ಸಿನ ರೇಟಿಗೆ ಕುತ್ತಿಗೆ ಕೊಟ್ಟಂತೆ. ಇವರು ಗೆದ್ದವರ ಮುಖ ಮಾಡಿಕೊಂಡು ಲ್ಯಾಪ್‌ಟಾಪ್ ಮುಚ್ಚಿದರು.

ಹೋಗುವ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬಿಡದಿಯ ತಟ್ಟೆ ಇಡ್ಲಿ ಬೇಕು ಅಂದರೆ ನೆನಪಿಟ್ಟುಕೊಂಡು ಸರ್ವಿಸ್ ರೋಡಿಗೆ ಇಳಿಯಬೇಕು. ಇಳಿದೆವು. ಪುಟ್ಟಿ ಒಂದು ಇಡ್ಲಿಯನ್ನು ಮೇಲಿನ ಬೆಣ್ಣೆ ಕೆರೆಸಿಕೊಂಡು ತಿಂದಳು. ಆ ಬೆಣ್ಣೆ ಇವರ ಪಾಲಿಗೆ ಬಂತು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿನಲ್ಲಿ ದೊಡ್ಡ ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳನ್ನು ನೋಡಿ, "ಇವರು ಊಟಕ್ಕೆ ಏನು ತಿಂತಾರೆ?" ಅಂತ ಕೇಳಿದಳು. ನಮಗೆ ಬೇರೆ ವಿಷಯವೇ ಇಲ್ಲ ಅನ್ನುವುದು ಮಗುವಿಗೂ ಗೊತ್ತಾಗಿಬಿಟ್ಟಿದೆ.

ಮೊದಲ ರಾತ್ರಿ ಎಂಟಕ್ಕೆ ಐದು ನಿಮಿಷ ಇರುವಾಗಲೇ ಡೈನಿಂಗ್ ಹಾಲಿನ ಬಾಗಿಲಲ್ಲಿ ನಿಂತಿದ್ದೆವು. ಪುಟ್ಟಿ ಆಗಲೇ ಪಾರ್ಲೆ-ಜಿ ಪೊಟ್ಟಣ ಒಂದನ್ನು ಮುಗಿಸಿ, ಒಂದು ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಬಾಗಿಲು ತೆರೆಯಿತು. ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಹಕ್ಕಾ ನೂಡಲ್ಸು, ಜೀರಾ ರೈಸು, ದಾಲು, ಕೋಳಿ ಎರಡು ಬಗೆ. ವೈಟ್ ಸಾಸ್ ಪಾಸ್ತಾ ಕಂಡು ಒಂದು ಕ್ಷಣ ಆಸೆ ಹುಟ್ಟಿತು. ಚಮಚ ಹಾಕಿ ಕೆದಕಿದರೆ ಒಳಗೆ ಹಸಿರು, ಕೆಂಪು, ಹಳದಿ ಮೂರೂ ಬಣ್ಣದ ದೊಣ್ಣೆಮೆಣಸಿನಕಾಯಿ ಅಡಗಿ ಕೂತಿದ್ದವು.

ಕೊನೆಯಲ್ಲಿ ಮೊಸರನ್ನ ಇತ್ತು. ಇತ್ತು ಅಂದರೆ ಸಾಲದು, ಮದುವೆಗೆ ಹೊರಟ ಹಾಗೆ ಇತ್ತು. ಮೇಲೆ ದಾಳಿಂಬೆ ಕಾಳು, ಸುತ್ತ ಕರಿ ದ್ರಾಕ್ಷಿ, ನಡುವೆ ತುರಿದ ಕ್ಯಾರೆಟ್ಟಿನ ಗುಡ್ಡೆ, ಅದರ ನೆತ್ತಿಗೆ ಕರಿದ ಮೆಣಸಿನಕಾಯಿ. ಕೊತ್ತಂಬರಿ ಉದುರಿಸಿದ್ದರು. ಗೋಡಂಬಿ ಹುರಿದು ಚುಚ್ಚಿದ್ದರು. ಸಾಸಿವೆ, ಉದ್ದಿನಬೇಳೆ, ಕರಿಬೇವು, ಇಂಗಿನ ಒಗ್ಗರಣೆ ಅಂಚಿನವರೆಗೂ ಮಿನುಗುತ್ತಿತ್ತು. ನಾನಾಗಿದ್ದರೆ ಎರಡು ತಟ್ಟೆ ತಿನ್ನುತ್ತಿದ್ದೆ, ತಿಂದೆ ಕೂಡ. ಪುಟ್ಟಿ ಬಗ್ಗಿ ನೋಡಿದಳು. "ಅಮ್ಮ, ಇದಕ್ಕೆ ಏನಾಗಿದೆ?" ಅಂದಳು.

ಒಂದು ಚಮಚ ಬಡಿಸಿಕೊಂಡು ಶುರುಹಚ್ಚಿದೆ. ಮೊದಲು ದಾಳಿಂಬೆ. ಅದು ಸುಲಭ, ಆದರೆ ಹೋಗುವಾಗ ಗುಲಾಬಿ ಬಣ್ಣ ಬಿಟ್ಟು ಹೋಗುತ್ತದೆ. ಆಮೇಲೆ ಕ್ಯಾರೆಟ್ಟು, ಎಳೆ ಎಳೆಯಾಗಿ. ಸಾಸಿವೆಯನ್ನು ಫೋರ್ಕಿನ ತುದಿಯಲ್ಲಿ ಹಿಡಿಯಲು ಹೋದರೆ ಅದು ಇನ್ನೂ ಒಳಕ್ಕೆ ಜಾರುತ್ತದೆ. ಎದುರು ಮೇಜಿನವರು ತಮ್ಮ ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅಷ್ಟೆಲ್ಲ ಮಾಡಿ ನಾಲ್ಕು ತುತ್ತು ಬಿಳಿ ಮಾಡಿ ಮುಂದಿಟ್ಟರೆ, ಪುಟ್ಟಿ ಮೂಸಿ ನೋಡಿ, "ಇದರಲ್ಲಿ ಅವು ಮೊದಲು ಇದ್ದವು" ಅಂದಳು. ಸಾಕ್ಷಿ ಇಲ್ಲದಿದ್ದರೂ ತೀರ್ಪು ಕೊಡುವವರು ಇರುತ್ತಾರೆ.

ಕೊನೆಗೆ ಅವಳು ತಿಂದದ್ದು ಒಂದು ಹಪ್ಪಳ ಮತ್ತು ವೆನಿಲಾ ಐಸ್‌ಕ್ರೀಮು. ಇವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಆರುನೂರು ರೂಪಾಯಿಯ ಹಪ್ಪಳ. ಆ ನಷ್ಟ ತುಂಬಲು ಮತ್ತೆ ಎದ್ದು ಹೋಗಿ ಕೋಳಿ ಹಾಕಿಸಿಕೊಂಡು ಬಂದರು. ಪುಟ್ಟಿಯ ಪಾಲನ್ನು ಅವಳಪ್ಪ ತಿಂದರೆ ಎಕ್ಸೆಲ್ ಶೀಟು ಸರಿಹೋಗುತ್ತದೆ ಅನ್ನುವುದು ಅವರ ನಂಬಿಕೆ.

ರಾತ್ರಿ ಹತ್ತಕ್ಕೆ ಪುಟ್ಟಿ ಹಸಿವು ಅಂತ ಎದ್ದು ಕೂತಳು. ಬ್ಯಾಗಿನಲ್ಲಿ ಮ್ಯಾಗಿ ಇತ್ತು, ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇತ್ತು. ಇವರು ಇಂಜಿನಿಯರು. "ಇಷ್ಟೇ ತಾನೆ" ಅಂತ ಮ್ಯಾಗಿಯನ್ನು ಮುರಿದು, ಮಸಾಲೆಯ ಸಮೇತ ಕೆಟಲ್ಲಿಗೇ ಹಾಕಿ ಗುಂಡಿ ಒತ್ತಿದರು. ಕೆಟಲ್ಲಿಗೆ ಸಣ್ಣ ಉರಿ ಅನ್ನುವುದು ಗೊತ್ತಿಲ್ಲ. ನೊರೆ ಉಕ್ಕಿ ಮುಚ್ಚಳ ಎತ್ತಿ, ಟ್ರೇ ತುಂಬಿ, ಅಲ್ಲಿಟ್ಟಿದ್ದ ಟೀ ಬ್ಯಾಗು, ಸಕ್ಕರೆ ಪೊಟ್ಟಣ, 'ಟವೆಲ್ ಮರುಬಳಕೆ ಮಾಡಿ ನೀರು ಉಳಿಸಿ' ಅನ್ನುವ ಚೀಟಿ ಎಲ್ಲವನ್ನೂ ನೆನೆಸಿತು. ಆ ಟವೆಲ್ಲಿನಲ್ಲೇ ಒರೆಸಿದೆವು. ಪುಟ್ಟಿ ಮಾತ್ರ ಸಂತೋಷವಾಗಿ ಕೆಟಲ್ಲಿನಿಂದಲೇ ಫೋರ್ಕ್ ಹಾಕಿ ಎಳೆದು ಎಳೆದು ತಿಂದಳು. ಮರುದಿನ ಬೆಳಿಗ್ಗೆ ನಮ್ಮಿಬ್ಬರ ಟೀಯಲ್ಲೂ ಮ್ಯಾಗಿ ಮಸಾಲೆಯ ಪರಿಮಳ. ಎಷ್ಟು ಸಲ ತೊಳೆದರೂ ಹೋಗಲಿಲ್ಲ. ಆ ರೂಮಿಗೆ ನಮ್ಮ ನಂತರ ಬಂದವರು ಏನಂದುಕೊಂಡರೋ.

ಬೆಳಗಿನ ತಿಂಡಿ ಬೇರೆಯೇ ಲೋಕ. ಇದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ತಿಂಡಿಯ ಬುಫೆಯಲ್ಲಿ ಬಿಳಿಗೆ ಬರ ಇಲ್ಲ. ಇಡ್ಲಿ, ಹಾಲು, ಕಾರ್ನ್‌ಫ್ಲೇಕ್ಸು, ಬ್ರೆಡ್ಡು, ಬಾಳೆಹಣ್ಣು, ಬೇಯಿಸಿದ ಮೊಟ್ಟೆಯ ಬಿಳಿ ಭಾಗ. ಏಳೂವರೆಗೇ ಶುರು, ಮಗು ಎದ್ದ ಹೊತ್ತಿಗೆ ಸರಿಯಾಗಿ. ಎಲ್ಲಕ್ಕಿಂತ ಹೆಚ್ಚಾಗಿ ದೋಸೆ ಕೌಂಟರು. ಕಾವಲಿಯ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ, ಅವನ ಜೊತೆ ಮಾತಾಡಬಹುದು. ಸ್ಟೀಲಿನ ಡಬ್ಬಿಯಲ್ಲಿರುವ ಪನೀರಿನ ಜೊತೆ ಮಾತಾಡಲು ಆಗುತ್ತದೆಯೇ?

ಅಲ್ಲಿದ್ದ ಹುಡುಗ ಒಡಿಶಾದವನು. ಅವನ ರೋಸ್ಟು ಪೇಪರಿನಷ್ಟು ತೆಳ್ಳಗೆ, ತಾಮ್ರದ ಬಣ್ಣ. ಮೊದಲ ದೋಸೆಯನ್ನು ಹೆಮ್ಮೆಯಿಂದ ಸುರುಳಿ ಸುತ್ತಿ ಪುಟ್ಟಿಯ ತಟ್ಟೆಗೆ ಇಟ್ಟ. ಅವಳು, "ಸುಟ್ಟಿದೆ" ಅಂದಳು. ಅವನಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ಆ ಮುಖ ಅರ್ಥವಾಯಿತು. ನಾನು ಹರಕು ಮುರುಕು ಹಿಂದಿಯಲ್ಲಿ, ಬಿಳಿ ಬೇಕು, ಬೇಗ ತೆಗೆಯಿರಿ, ಎಣ್ಣೆ ಬೇಡ ಅಂದೆ. ಎರಡನೆಯದನ್ನು ಒಂದು ನಿಮಿಷ ಮೊದಲೇ ತೆಗೆದ, ಅದೂ ಬಂಗಾರದ ಬಣ್ಣ. ಮೂರನೆಯದಕ್ಕೆ ಪುಟ್ಟಿ ಸ್ಟೂಲು ಎಳೆಸಿಕೊಂಡು ಹತ್ತಿ ನಿಂತು ತಾನೇ "ಈಗ!" ಅಂದಳು. ಅವನು ತಕ್ಷಣ ಮುಚ್ಚಳ ಎತ್ತಿ, ದೋಸೆ ಎಬ್ಬಿದ. ಮೆತ್ತಗೆ, ಬೆಳ್ಳಗೆ, ರೂಪವೇ ಇಲ್ಲದ ಒಂದು ದೋಸೆ. ಸಾಲಿನಲ್ಲಿ ಹಿಂದೆ ನಿಂತಿದ್ದವರಿಗೆ ಅದನ್ನು ತೋರಿಸಲು ಅವನಿಗೆ ನಾಚಿಕೆ. ಪುಟ್ಟಿ ಅದನ್ನು ಪೂರ್ತಿ ತಿಂದು ಇನ್ನೊಂದು ಹಾಕಿಸಿಕೊಂಡಳು. ಮರುದಿನ ಅವಳು ಬಾಗಿಲಲ್ಲಿ ಕಂಡ ಕೂಡಲೇ ಅವನು ಕಾವಲಿಗೆ ನೀರು ಚಿಮುಕಿಸಿ, "ಬಿಳಿ ದೋಸೆ, ಬಿಳಿ ದೋಸೆ" ಅಂತ ಕನ್ನಡದಲ್ಲೇ ಹಾಡತೊಡಗಿದ.

ಬರುವಾಗ ಎರಡು ಬಾಳೆಹಣ್ಣು ನನ್ನ ಬ್ಯಾಗಿಗೆ ಇಳಿದವು. ಬುಫೆಯಿಂದ ಕಟ್ಟಿಕೊಂಡು ಹೋಗುವಂತಿಲ್ಲ ಅಂತ ಬೋರ್ಡು ಇದೆ. ಆ ಬೋರ್ಡಿನ ಕೆಳಗೇ ಇಳಿದವು. ಆರುನೂರು ರೂಪಾಯಿಯ ಹಪ್ಪಳ ತಿಂದವರಿಗೆ ಅಷ್ಟು ಹಕ್ಕಿದೆ.

ಆ ದಿನ ಸಂಜೆ ಮಡಿಕೇರಿಯ ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಹೋದೆವು. ಸೂರ್ಯ ಇನ್ನೂ ಮುಳುಗುತ್ತಿದ್ದಾಗಲೇ ಪುಟ್ಟಿಯ ಹೊಟ್ಟೆಯಲ್ಲಿ ಗಂಟೆ ಬಾರಿಸಿತು. ರೆಸಾರ್ಟಿನ ಊಟಕ್ಕೆ ಇನ್ನೂ ಒಂದೂವರೆ ಗಂಟೆ ಇದೆ. ಇವರು, "ಸ್ವಲ್ಪ ತಡ್ಕೋ ಕಂದ, ಅಲ್ಲಿ ದುಡ್ಡು ಕಟ್ಟಿದೀವಿ" ಅಂದರು. ಐದು ವರ್ಷದ ಹೊಟ್ಟೆಗೆ ಮುಂಗಡದ ಲೆಕ್ಕ ತಿಳಿಯುತ್ತದೆಯೇ? ಅಳು ಶುರುವಾಯಿತು. ಊರೊಳಗೆ ಕಂಡ ಮೊದಲ ಸಣ್ಣ ಹೋಟೆಲಿಗೆ ನುಗ್ಗಿದೆವು.

ಪಕ್ಕದ ಮೇಜಿನವರ ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಬೆಳ್ಳನೆಯ ಉಂಡೆಗಳು. ಪುಟ್ಟಿ ಅಳು ನಿಲ್ಲಿಸಿದಳು. "ಅದೇನು?"

ಅದು ಕಡಂಬುಟ್ಟು. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟ ಕೊಡಗಿನ ಕಡುಬು. ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿ ಕರಿಯ, ಅಂದರೆ ಹಂದಿ ಮಾಂಸದ ಸಾರಿನ, ಜೊತೆ ಇದು ಇರಲೇಬೇಕು. ನಮಗೆ ಕೋಳಿ ಸಾರಿನ ಜೊತೆ ಬಂತು, ಪುಟ್ಟಿಗೆ ಬರೀ ಉಂಡೆ. ಒಂದನ್ನು ಎರಡು ಬೆರಳಲ್ಲಿ ಎತ್ತಿ, ಸುತ್ತ ತಿರುಗಿಸಿ, ಮೂಸಿ, ನಾಲಿಗೆಯ ತುದಿ ತಾಗಿಸಿದಳು. ನಾನು ಉಸಿರು ಬಿಗಿಹಿಡಿದೆ. ಡಾಕ್ಟರು ಹೇಳಿದ್ದ 15ರಲ್ಲಿ ಇದು ಒಂದನೆಯದು. ಕಚ್ಚಿದಳು. "ಇಡ್ಲಿ ಲಾಡು" ಅಂದಳು. ಮೂರು ತಿಂದಳು.

ಹೋಟೆಲಿನ ಆಂಟಿಗೆ ಖುಷಿಯಾಗಿ ಇನ್ನಷ್ಟು ತಂದು ತೋರಿಸಿದರು. ಶಾವಿಗೆಯ ಹಾಗೆ ಒತ್ತಿದ ನೂಲ್‌ಪುಟ್ಟು, ಬಿಳಿ. ಅಕ್ಕಿ ತರಿಗೆ ಹಾಲು, ತೆಂಗಿನ ತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದ ಪಾಪುಟ್ಟು, ಬಿಳಿ. ಅನ್ನ, ಅಕ್ಕಿ ಹಿಟ್ಟು ನಾದಿ ತಟ್ಟಿದ ಅಕ್ಕಿ ಒಟ್ಟಿ, ಅದೂ ಹೆಚ್ಚುಕಡಿಮೆ ಬಿಳಿ. ನಾನು ಮೂಕಳಾದೆ. ಪುಟ್ಟಿಗಾಗಿಯೇ ಹೇಳಿ ಮಾಡಿಸಿದಂಥ ನಾಡೊಂದು ಇಲ್ಲಿತ್ತು. ಅದರ ನಡುವೆ ಕೂತು ಆ ರೆಸಾರ್ಟಿನವರು ನಮಗೆ ಹಕ್ಕಾ ನೂಡಲ್ಸ್ ಬಡಿಸುತ್ತಿದ್ದರು.

ಎಲ್ಲ ಸೇರಿ ಬಿಲ್ಲು ಪುಟ್ಟಿಯ ಒಂದು ರಾತ್ರಿಯ ಎಂಎಪಿಗಿಂತ ಕಡಿಮೆ ಆಯಿತು. ಇವರಿಗೆ ಅದರಿಂದ ಸಮಾಧಾನವಾಗುವ ಬದಲು ಸಂಕಟ ಜಾಸ್ತಿಯಾಯಿತು. "ಆದ್ರೆ ಅಲ್ಲಿನ ಊಟ?" ಅಂದರು. ಹೊಟ್ಟೆ ತುಂಬ ಕೋಳಿ ಸಾರು, ಕಡಂಬುಟ್ಟು ತಿಂದು, ಮಂಜಿನಲ್ಲಿ ಕಾರು ಓಡಿಸಿಕೊಂಡು ಬಂದು, ನಿದ್ದೆ ಹೋಗಿದ್ದ ಪುಟ್ಟಿಯನ್ನು ನನ್ನ ಹೆಗಲಿಗೆ ಹಾಕಿ, ನೇರ ಡೈನಿಂಗ್ ಹಾಲಿಗೆ ಹೋದರು. ಸೂಪಿನಿಂದ ಶುರುಮಾಡಿದರು. ಒಂದು ಗಂಟೆಯ ನಂತರ ರೂಮಿಗೆ ಬಂದವರು ಮಲಗಲೂ ಆಗದೆ ಕೂರಲೂ ಆಗದೆ ಬಾಲ್ಕನಿಯಲ್ಲಿ ಅಡ್ಡಾಡುತ್ತಿದ್ದರು. "ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಅಂದರು. ಈನೋ ಕಲಸಿ ಕೊಟ್ಟೆ. ಅದು ನಮ್ಮ ಮನೆಯಿಂದಲೇ ತಂದಿದ್ದು, ಪ್ಲಾನಿಗೆ ಸೇರಿದ್ದಲ್ಲ.

ನನ್ನನ್ನು ಕೇಳಿದರೆ, ನಮ್ಮ ಪುಟ್ಟಿಯಂಥ ಮಗು ಇರುವ ಮನೆಗೆ ಸಿಪಿಯೇ ಸರಿ. ತಿಂಡಿಯ ದುಡ್ಡು ಹೇಗೂ ವಸೂಲಾಗುತ್ತದೆ. ಎರಡು ದೋಸೆ ಹೊಟ್ಟೆಗಿಳಿದರೆ ಮಧ್ಯಾಹ್ನದ ತನಕ ನಾವೂ ನೆಮ್ಮದಿಯಾಗಿ ಊರು ನೋಡಬಹುದು. ರಾತ್ರಿಯ ಊಟವನ್ನು ಮಾತ್ರ ಮೊದಲೇ ಕ್ರಯಪತ್ರ ಮಾಡಿಕೊಳ್ಳಬಾರದು. ಆಚೆ ಏನೂ ಸಿಗದ ಎಸ್ಟೇಟಿನಲ್ಲೋ ಕಾಡಿನಲ್ಲೋ ಇಳಿದುಕೊಳ್ಳುವುದಾದರೆ ಬೇರೆ ದಾರಿ ಇಲ್ಲ, ಆಗ ಎರಡು ಮಾತು ಕೇಳಿಯೇ ದುಡ್ಡು ಕಟ್ಟಬೇಕು. ರಾತ್ರಿಯ ಬದಲು ಮಧ್ಯಾಹ್ನದ ಊಟ ಕೊಡುತ್ತೀರಾ ಅನ್ನುವುದು ಒಂದು, ಬಹಳ ಕಡೆ ಕೇಳಿದರೆ ಒಪ್ಪುತ್ತಾರೆ. ಮಗುವಿಗೆ ಏಳು ಗಂಟೆಗೇ ಅಡುಗೆಮನೆಯಿಂದ ಅನ್ನ, ಬರೀ ಮೊಸರು ಕಳಿಸುತ್ತೀರಾ ಅನ್ನುವುದು ಇನ್ನೊಂದು. ಮೆನುವಿನಲ್ಲಿ ಎಷ್ಟು ಐಟಂ ಅಂತ ಕೇಳುವುದರಿಂದ ಪ್ರಯೋಜನವಿಲ್ಲ. ಐಟಂ ಹೆಚ್ಚಿದಷ್ಟೂ ನನಗೆ ಆರಿಸಿ ತೆಗೆಯುವ ಕೆಲಸ ಹೆಚ್ಚು. ಹೋಮ್‌ಸ್ಟೇ ಆದರೆ ಇನ್ನೂ ಒಳ್ಳೆಯದು. ತಲೆಗಿಷ್ಟು ಅಂತ ಅವರೂ ಊಟ ಸೇರಿಸಿಯೇ ಹೇಳುತ್ತಾರೆ, ಆದರೆ ಅಡುಗೆ ಮಾಡುವವರು ಎದುರಿಗೇ ಇರುತ್ತಾರೆ. ಒಗ್ಗರಣೆಗೆ ಮುಂಚೆ ಒಂದು ಸೌಟು ಎತ್ತಿಡಿ ಅಂದರೆ ಎತ್ತಿಡುತ್ತಾರೆ. ಶೆಫ್ ಹತ್ತಿರ ಮಾತಾಡಿ ಹೇಳುತ್ತೇನೆ ಅಂದ ಆ ವಿನಯವಂತ ಹುಡುಗ ಇನ್ನೂ ಮಾತಾಡುತ್ತಲೇ ಇದ್ದಾನೆ.

ಹೊರಡುವ ದಿನ ಬಿಲ್ಲು ಬಂತು. ರೂಮು, ಊಟ ಎಲ್ಲ ಮೊದಲೇ ಕಟ್ಟಿದ್ದರಿಂದ ಸೊನ್ನೆ ಇರುತ್ತದೆ ಅಂದುಕೊಂಡು ಇವರು ಕನ್ನಡಕ ಕೂಡ ಹಾಕಿಕೊಂಡಿರಲಿಲ್ಲ. ಸೊನ್ನೆ ಇರಲಿಲ್ಲ. ಕನ್ನಡಕ ಹಾಕಿಕೊಂಡರು.

"ಹಾಟ್ ಮಿಲ್ಕ್, 120. ಮತ್ತೆ ಹಾಟ್ ಮಿಲ್ಕ್, 120. ಇದೇನ್ರೀ ಇದು?"

"ಬೆವರೇಜಸ್ ಪ್ಲಾನಿನಲ್ಲಿ ಬರಲ್ಲ ಸಾರ್."

"ಹಾಲು ಬೆವರೇಜಾ?"

"ಹೌದು ಸಾರ್."

"ಮೊಸರು?"

"ಮೊಸರು ಫುಡ್ ಸಾರ್, ಅದು ಪ್ಲಾನಿನಲ್ಲಿದೆ."

ಇವರು ನನ್ನ ಕಡೆ ತಿರುಗಿದರು. ಹೆಪ್ಪು ಹಾಕಿಕೊಂಡು ಕುಡಿಸಬಹುದಿತ್ತಲ್ಲ ಅನ್ನುವ ಮುಖ. ನಾನು ಹೊರಗಿನ ಕಾಫಿ ಗಿಡ ನೋಡಿದೆ. ಜಗಳಕ್ಕೆ ಬಲ ಸಾಲದೆ ಇವರು ಫೋನು ತೆಗೆದು ಸ್ಕ್ಯಾನ್ ಮಾಡಿ ಕಟ್ಟಿದರು.

ಅಷ್ಟರಲ್ಲಿ ಪುಟ್ಟಿ ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು ಅಲ್ಲಿದ್ದ ಗಾಜಿನ ಬಟ್ಟಲಿಗೆ ಕೈ ಹಾಕಿದ್ದಳು. ಒಳಗೆ ಗುಂಡನೆಯ ಪೆಪ್ಪರ್‌ಮಿಂಟು.

"ಅಪ್ಪ, ಇದು ಬಿಳಿ" ಅಂದಳು.

"ಇದು ಪ್ಲಾನಿನಲ್ಲಿ ಬರುತ್ತಾ?" ಇವರು ರಿಸೆಪ್ಷನ್ನಿನ ಹುಡುಗಿಯನ್ನು ಕೇಳಿದರು.

"ಅದು ಕಾಂಪ್ಲಿಮೆಂಟರಿ ಸಾರ್."

ಇವರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡೂ ಕೈಯಲ್ಲಿ ಬಾಚಿ, ಪ್ಯಾಂಟಿನ ಜೇಬುಗಳನ್ನು ತುಂಬಿಸತೊಡಗಿದರು. ಜೇಬು ಸಾಲದೆ ಪುಟ್ಟಿಯ ಟೋಪಿ ಕೇಳಿ ಇಸಿದುಕೊಂಡರು.